ಇಪ್ಪತ್ತು ಗ್ರಾಂ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ತೂಕ ಮುಗಿದು
ಹುಳದ ವಾಸನೆ ಮಾತ್ರ ಜಾಲರಿಗಳಲ್ಲಿ ಉಳಿದ ಹೊತ್ತು.
ಬಂದಳು ಗಂಗರತ್ನ, ಬಿ.ಎ. ಎರಡನೇ ವರ್ಷ,
ದುಪಟ್ಟಾದಲ್ಲಿ ಗಂಟು ಕಟ್ಟಿದ ಕಬ್ಬಿಣದ ಗುಂಡು.
"ಕದಿರಪ್ಪಣ್ಣ, ಇದೊಂದು ತೂಗಿಕೊಡು."

ಇಟ್ಟೆ. ಕೆಂಪು ಅಂಕಿಗಳು ತಡವರಿಸಿ ನಿಂತವು:
ಮೂರು ಕೇಜಿ ಒಂಬೈನೂರ ಎಂಬತ್ತು.

ಇಪ್ಪತ್ತು ಗ್ರಾಂ ಅಂದರೆ ಹತ್ತು ಹನ್ನೆರಡು ಗೂಡು.
ಚೆಲ್ಲಿದರೆ ಗುಡಿಸುವವಳೂ ಬಗ್ಗಿ ನೋಡಳು.
ಇವಳು ಮಾತ್ರ ಮೆಟ್ಟಿಲ ಮೇಲೆ ಕೂತುಬಿಟ್ಟಳು.
"ಹಾಗಾದರೆ ಆರು ತಿಂಗಳಿಂದ ನಾನು ಎಸೆದದ್ದೆಲ್ಲ ಸುಳ್ಳಾ?"
ಸುಳ್ಳಲ್ಲ ಕಣಮ್ಮ, ನಮ್ಮಲ್ಲಿ ಇದಕ್ಕೆ ಸೂಟು ಅಂತಾರೆ,
ರೈತನ ಬುಟ್ಟಿಯಿಂದ ಯಾರೂ ಕೇಳದೆ ಕಳೆಯುವುದು.
ನಗಲಿಲ್ಲ.

ಗುಂಡು ಕೊಡಿಸಿದ್ದು ಹನ್ನೊಂದು ಜನ ದಾನಿಗಳು.
ಫಿಲೇಚರ್ ಅಫ್ಸರ್ ಪಾಷಾ, ಬಿತ್ತನೆ ಅಂಗಡಿ ಆಂಜಿನಪ್ಪ,
ಮೂರು ಸಲ ಸೋತ ಒಬ್ಬ ಮಾಜಿ ಅಭ್ಯರ್ಥಿ.
ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿದರು:
ಹನ್ನೊಂದು ಮುಖ, ಹನ್ನೊಂದು ನಮಸ್ಕಾರ,
ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಗಂಗರತ್ನ.
ಟೀ ಶರ್ಟಿನ ಬೆನ್ನ ತುಂಬ ಅವರ ಹೆಸರುಗಳು.
ಅವಳದ್ದಕ್ಕೆ ಜಾಗ ಸಾಲಲಿಲ್ಲ ಅಂದ ಪ್ರಿಂಟಿಂಗಿನವನು.
ಕೆಟ್ಟವರೆಂದು ನಾನು ಹೇಳುವುದಿಲ್ಲ. ಕೊಟ್ಟರಲ್ಲ.
ಚಿಂತಾಮಣಿಯ ಲೇತಿನವನು ಕಚ್ಚಿದ್ದು ಅವರಿಗೇನು ಗೊತ್ತು.

ವೆಲ್ಡಿಂಗ್ ಪೀರ್‌ಸಾಬ್ ಗುಂಡಿಗೊಂದು ತೂತು ಕೊರೆದ.
ಹಳೇ ಬ್ಯಾಟರಿಯ ಸೀಸ ಕರಗಿಸಿ ಹನಿ ಹನಿ ಬಿಟ್ಟ,
ಮಗುವಿನ ಕಿವಿಗೆ ಎಣ್ಣೆ ಬಿಡುವ ಹಾಗೆ.
ಮತ್ತೆ ತಕ್ಕಡಿ, ಮತ್ತೆ ಸೀಸ, ಮತ್ತೆ ಅರ.
ಸಂಜೆ ದೀಪ ಹತ್ತುವಾಗ ನಾಲ್ಕು. ಸೊನ್ನೆ ಸೊನ್ನೆ ಸೊನ್ನೆ.
ದುಡ್ಡು ಕೇಳಿದರೆ ಪೀರ್‌ಸಾಬ್
"ಇಪ್ಪತ್ತು ಗ್ರಾಮಿಗೆ ಯಾರು ರಸೀದಿ ಹರಿಯುತ್ತಾರೆ, ಹೋಗಯ್ಯ" ಅಂದ.

ಕೋಲಾರದಲ್ಲಿ ಅಂತರಕಾಲೇಜು ಕೂಟ.
ಹನ್ನೊಂದು ಜನರೂ ಬರುತ್ತೇವೆ ಅಂದಿದ್ದರು,
ಆದರೆ ಆವತ್ತೇ ಗೂಡಿಗೆ ಏಳುನೂರು ಹತ್ತಿತು.
ಹೋದವನು ನಾನೊಬ್ಬ, ಚಿತ್ರಾನ್ನದ ಡಬ್ಬಿ ಹಿಡಿದು.
ಗ್ಯಾಲರಿಯೆಲ್ಲ ರಿಲೇ ಓಟದ ಕಡೆ ತಿರುಗಿ ಕೂತಿತ್ತು.
ಗುಂಡೆಸೆತದ ವೃತ್ತ ಉದ್ದಜಿಗಿತದ ಮರಳಿನಾಚೆ,
ನೀರಿನ ಟ್ಯಾಂಕರಿನ ಹಿಂದೆ.
ನೋಡುಗರು: ನಾನು, ಕುಂಟುವ ಒಂದು ನಾಯಿ,
ಮಾಲೂರಿನ ಹುಡುಗಿಯ ತಾಯಿ, ಕೊಡೆಯ ಕೆಳಗೆ.
ಅಲ್ಲಿ ಎಸೆಯುವುದು ಅವರದೇ ಗುಂಡುಗಳನ್ನು.
ನಮ್ಮದು ನನ್ನ ಮಡಿಲಲ್ಲೇ ಉಳಿಯಿತು,
ಪೂರಾ ನಾಲ್ಕು ಕೇಜಿ, ತೊಡೆ ಜೋಮು ಹಿಡಿಯುವಷ್ಟು.

ಮೊದಲ ಎಸೆತ ಹತ್ತು ಅರವತ್ತೆರಡು.
ಎರಡನೆಯದು ಫೌಲ್. ಮೂರನೆಯದೂ.
ಅವಳು ತಲೆ ಎತ್ತಲಿಲ್ಲ. ನನಗೆ ಏನಾಯಿತೋ,
ಕಂಪ್ಯೂಟರ್ ಹರಾಜು ಬಂದಮೇಲೆ ಬಾಯಿ ಮುಚ್ಚಿದವನು
ಎದ್ದು ನಿಂತು ಹಳೇ ಗಂಟಲಲ್ಲಿ ಕೂಗಿಬಿಟ್ಟೆ:
"ಹತ್ತು ಅರವತ್ತೆರಡು! ಹತ್ತು ಅರವತ್ತೆರಡು ಒಂದು ಸಲ!
ಹನ್ನೊಂದು ಕೇಳೋರು ಯಾರು? ಚಿನ್ನದಂಥ ಮಾಲು!
ಹನ್ನೊಂದು!"

"ಯಜಮಾನರೇ, ಇದು ಮಂಡಿಯಲ್ಲ," ಅಂದರು ಅಂಪೈರು.
ವೃತ್ತದೊಳಗೆ ನಿಂತೇ ನಕ್ಕಳು ಗಂಗರತ್ನ,
ಗುಂಡು ಕತ್ತಿನ ಗುಳಿಗೆ ಒತ್ತಿಕೊಂಡೇ.
ಕೊಡೆಯ ಹೆಂಗಸು ಮೊದಲು ನನ್ನನ್ನು ದುರುಗುಟ್ಟಿದಳು,
ಆಮೇಲೆ ಕೊಡೆ ಮಡಚಿ, ತನ್ನ ಮಗಳಿಗೂ ಇವಳಿಗೂ ಸೇರಿಸಿ
ತೆಲುಗಿನಲ್ಲೊಂದು ಕೂಗು ಹಾಕಿದಳು.

ಗುಂಡು ಬಿದ್ದಲ್ಲಿ ಮಣ್ಣು ಬಟ್ಟಲಿನಷ್ಟು ಕುಸಿಯಿತು.
ಟೇಪು ಹಿಡಿದವರ ಪಕ್ಕ ನಾನೂ ಬಗ್ಗಿದೆ, ಅಭ್ಯಾಸ:
ಸೊನ್ನೆ ಸರಿಯಾಗಿ ಕೂತಿದೆಯೇ?
ಕೂತಿತ್ತು. ಹನ್ನೊಂದು ಸೊನ್ನೆ ಆರು.

"ಎರಡನೇದಾ?" ಅಂದ ಪಾಷಾ ಮಾರನೇ ದಿನ.
"ಮೊದಲನೇದು ಯಾರಿಗೆ?" ಮಾಲೂರಿಗೆ ಅಂದೆ.
ತ್ಚು ಅಂದ, ಜೇಬಿಗೆ ಕೈ ಹಾಕಿದ, ಎರಡು ಐನೂರು.
"ಬೂಟಿಗೆ. ಈ ಸಲ ತೂಗಿಸಿ ತಗೊಳ್ಳಿ."

ತಕ್ಕಡಿಯ ತಟ್ಟೆಯ ಮೇಲೆ ತುಕ್ಕಿನದೊಂದು ದುಂಡು ಕಲೆ.
ಒರೆಸಿಲ್ಲ ನಾನು.
ಅದಕ್ಕೆ ತೂಕವಿಲ್ಲ,
ನೋಡಿದ್ದೇನೆ.